ಗಜವೀರ ಗೆದ್ದ ದಸರೆ

"ಮಲಕಾರಿ, ನಿನ್ನ ಟ್ರ್ಯಾಕ್ಟರ್ ಇವತ್ತ ಶರ್ಯತ್ತಿಗೆ ತರಬ್ಯಾಡೋ ತಮ್ಮಾ. ಚಿಂಚಲಿ ದನದ ಪ್ಯಾಟಿಗೆ ಹೊಡಕೊಂಡು ಹೋಗು. ಹಲ್ಲು ನೋಡಿ ಯಾರರೆ ತೊಗೊಂಡಾರು."

ಹೇಳಿದವನು ಉತ್ತಮ. ಕಾಗವಾಡದಲ್ಲಿ ಜಯವಂತ ಟ್ರ್ಯಾಕ್ಟರ್ ಕಂಪನಿಯ ಏಜೆಂಟು, ಮೆಕ್ಯಾನಿಕ್ಕು, ಶರ್ಯತ್ತಿನ ಡ್ರೈವರು ಮೂರೂ ಅವನೇ. ಹೇಳಿದ ಜಾಗ ಸಕ್ಕುಬಾಯಿಯ ಚಹಾದಂಗಡಿ. ಹೊತ್ತು ತೊಂಬತ್ತೆರಡನೇ ಇಸವಿಯ ದಸರೆಯ ಮುಂಜಾನೆ. ಕೇಳಿಸಿಕೊಂಡವರು ಹದಿನಾಲ್ಕು ಮಂದಿ. ಮಲಕಾರಿ ಎಣಿಸಲು ಹೋಗಿರಲಿಲ್ಲ. ಮಂದಿಯ ಎದುರು ಮಾತು ತಿಂದವನಿಗೆ ಆ ಎಣಿಕೆ ತಾನಾಗಿ ಸಿಕ್ಕಿಬಿಡುತ್ತದೆ.

ಹದಿನಾಲ್ಕು ಮಂದಿಯೂ ನಕ್ಕರು. ಅದರಲ್ಲಿ ಹದಿಮೂರು ಮಂದಿಯ ನಗುವನ್ನು ಮಲಕಾರಿ ಹೇಗೋ ನುಂಗಿಕೊಳ್ಳುತ್ತಿದ್ದ. ಹದಿನಾಲ್ಕನೆಯವರು ವಿರುಪಾಕ್ಷಪ್ಪ ಸಾವಕಾರರು, ಮಲಕಾರಿ ಓಡಿಸುವ ಅದೇ ಗಜವೀರ ಟ್ರ್ಯಾಕ್ಟರಿನ ಮಾಲೀಕರು, ಕಬ್ಬು ದ್ರಾಕ್ಷಿ ಎರಡೂ ಬೆಳೆಯುವವರು. ಬಶಿಯಲ್ಲಿ ಸುರಿದುಕೊಂಡ ಚಹಾ ಊದುತ್ತ ಊದುತ್ತ ನಕ್ಕದ್ದರಿಂದ ಚಹಾ ತೆರೆಯೆದ್ದು ಅವರ ಹೊಸ ಧೋತರದ ಮೇಲೆ ಬಿತ್ತು.

"ಸಾವಕಾರ್ರ, ನೀವೂ ನಗತೀರಿ," ಅಂದ ಮಲಕಾರಿ.

"ನಗಲಾರದ ಏನ ಮಾಡ್ಲೋ? ಆರು ವರ್ಷದಾಗ ಐದು ಸಲ ನನ್ನ ಗಜವೀರ ಮೊದಲನೇ ಸುತ್ತಿನ್ಯಾಗ ಸೋತು ಮುರುಮು ಸುರೀತು. ಕಾರ್ಖಾನಿ ರಸ್ತಾದಾಗ ನನ್ನ ಮುರುಮು ಎಲ್ಲೆಲ್ಲಿ ಬಿದ್ದೈತಿ ಅಂತ ಕಣ್ಣ ಮುಚಗೊಂಡು ತೋರಸ್ತೀನಿ." ಸಾವಕಾರರು ಧೋತರ ಒರೆಸಿಕೊಂಡರು. "ಕೇಳಿಲ್ಲೆ. ಇವತ್ತ ಗಜವೀರ ಗೆದ್ರ ಈ ಹಂಗಾಮಿಗೂ ಅದು ಇರತೈತಿ, ನೀನೂ ಇರತಿ. ಸೋತರ ಅದು ಗುಜರಿಗಿ. ನಾ ಜಯವಂತ ಬುಕ್ ಮಾಡಾಂವ."

"ಮತ್ತ ನಾ?"

ಇದಕ್ಕೆ ಉತ್ತರ ಉತ್ತಮನಿಂದ ಬಂತು. "ಹೊಸಾ ಜಯವಂತ ತೊಗೊಂಡವರಿಗೆ ಮೊದಲನೇ ವರ್ಷ ಡ್ರೈವರನ್ನೂ ನಾವ ಕೊಡತೀವಿ. ನಮ್ಮ ತಮ್ಮ ಖಾಲಿ ಅದಾನ."

ಮಲಕಾರಿ ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಈ ಶರ್ಯತ್ತು ಏನೆಂದರೆ, ಕಬ್ಬಿನ ಹಂಗಾಮು ಶುರುವಾಗುವ ಮೊದಲು ಕಾರ್ಖಾನೆ ರಸ್ತೆಯ ತಗ್ಗುಗಳಿಗೆ ಟ್ರ್ಯಾಕ್ಟರಿನವರೇ ಒಂದೊಂದು ಟ್ರಾಲಿ ಮುರುಮು, ಅಂದರೆ ಕೆಂಪು ಗರಸು ಮಣ್ಣು, ತಂದು ಹಾಕಬೇಕೆಂಬುದು ಊರ ಪದ್ಧತಿ. ಸುಮ್ಮನೆ ತಂದು ಸುರಿಯುವುದರಲ್ಲಿ ಏನು ಮಜಾ ಎಂದು ಯಾರೋ ಅದನ್ನೇ ಶರ್ಯತ್ತು ಮಾಡಿದ್ದರು. ದಸರೆಯ ದಿನ ನಾಲ್ಕು ಗಂಟೆಗೆ, ತುಂಬಿದ ಟ್ರಾಲಿ ಜಗ್ಗಿಕೊಂಡು, ಬೇವಿನ ಮರದಿಂದ ಕಾಲುವೆಯ ಸೇತುವೆವರೆಗೆ ಎರಡು ಫರ್ಲಾಂಗು ನೇರ ಓಟ. ಒಮ್ಮೆಗೆ ಎರಡು ಗಾಡಿ. ಸೋತವನು ಅಲ್ಲೇ ಮುರುಮು ಸುರಿದು ಸಲಿಕೆ ಹಿಡಿಯಬೇಕು, ಗೆದ್ದವನು ಮುಂದಿನ ಸುತ್ತಿಗೆ. ಕೊನೆಗೆ ಉಳಿದವನ ತಲೆಗೆ ಜರಿ ಫೇಟಾ.

ಗಜವೀರ ಸೋಲುತ್ತಿದ್ದದ್ದು ಅದರಲ್ಲಿ ಕಸುವಿಲ್ಲದೆ ಅಲ್ಲ. ಅದರ ಇಂಜಿನ್ ಜಯವಂತಕ್ಕಿಂತ ದೊಡ್ಡದು, ಗೇರ್ ಬಾಕ್ಸು ವಾಡೆಯ ಕಂಬದಂತೆ ಗಟ್ಟಿ. ಆದರೆ ಅಥಣಿ ತಾಲೂಕಿನಲ್ಲಿ ಜಯವಂತ ನೂರಾರು ಇದ್ದವು. ಅದರ ಸಾಮಾನು ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಪಕ್ಕ ಸಿಗುತ್ತಿತ್ತು. ನಿಪ್ಪಾಣಿಯ ಯಾವನೋ ಜಯವಂತ ಡ್ರೈವರ್ ಡೀಸೆಲ್ ಪಂಪಿನ ಸ್ಕ್ರೂ ಅರ್ಧ ಸುತ್ತು ತಿರುವಿ ಜೋರು ಹೆಚ್ಚಿಸಿಕೊಂಡನೆಂದರೆ, ಆ ಅರ್ಧ ಸುತ್ತು ಚಿಕ್ಕೋಡಿ ರಾಯಬಾಗ ದಾಟಿ ಸಂಜೆಯೊಳಗೆ ಕಾಗವಾಡಕ್ಕೆ ಬಂದಿರುತ್ತಿತ್ತು. ಗಜವೀರ ಇದ್ದದ್ದು ಒಂದೇ ಒಂದು. ಅದರ ಕಂಪನಿ ಎಲ್ಲೋ ಉತ್ತರದಲ್ಲಿ; ಮಿರಜಿನಲ್ಲಿದ್ದ ಏಜೆನ್ಸಿ ಗಾಡಿ ಮಾರಿದ ಮರುವರ್ಷವೇ ಬಾಗಿಲು ಹಾಕಿ ಅಲ್ಲೊಂದು ಸೀರೆ ಅಂಗಡಿ ಆಗಿತ್ತು. ಮಲಕಾರಿ ಏನು ಕಲಿತರೂ ತನ್ನ ಬೆರಳಿನ ಗೆಣ್ಣು ಕೆತ್ತಿಸಿಕೊಂಡು ತಾನೇ ಕಲಿಯಬೇಕು. ಕಲಿತದ್ದನ್ನು ಹೇಳಿಕೊಳ್ಳಲು ಇನ್ನೊಬ್ಬ ಗಜವೀರ ಡ್ರೈವರ್ ಇಲ್ಲ. ಸಾಮಾನು ಕೆಟ್ಟರೆ ಜಯವಂತದ್ದು ತಂದು, ಅರದಿಂದ ಉಜ್ಜಿ, ತೂತು ಅಗಲ ಮಾಡಿ, ತಂತಿ ಬಿಗಿದು ಕೂರಿಸಬೇಕು. ಆರು ವರ್ಷದಲ್ಲಿ ಡೀಸೆಲ್ ಪಂಪು ಹಾಗೆ ಬಂತು, ರೇಡಿಯೇಟರ್ ಹಾಗೆ ಬಂತು, ಡೈನಮೋ ಹಾಗೆ ಬಂತು. ಬಂದ ಸಾಮಾನಿಗೂ ಮನೆಯ ಗಾಡಿಗೂ ಅತ್ತೆ ಸೊಸೆಯಂತೆ ಮೂರು ತಿಂಗಳು ಜಗಳ.

ಇದರ ಮೇಲೆ ಕಮಿಟಿ. ಅಧ್ಯಕ್ಷರು ಬಾಬಾಸಾಹೇಬರು, ನಾಲ್ಕು ಜಯವಂತಗಳ ಮಾಲೀಕರು. ಉಳಿದವರೂ ಜಯವಂತದವರೇ. ಒಂದು ವರ್ಷ ಗಜವೀರ ಹೇಗೋ ಎರಡನೇ ಸುತ್ತಿಗೆ ಹೋಗಿಬಿಟ್ಟಿತು. ಮರುವರ್ಷ ಕಮಿಟಿಯ ವಹಿಯಲ್ಲಿ ಹೊಸ ಕಲಮು ಬಂತು: "ಗಜವೀರ ಗಾಡಿಯ ಇಂಜಿನ್ ದೊಡ್ಡದಿರುವ ಕಾರಣ ಸದರಿ ಗಾಡಿಗಳು ನಾಲ್ಕು ಚೀಲ ಮರಳು ಹೆಚ್ಚಿಗೆ ಹೊರತಕ್ಕದ್ದು." ಇಡೀ ಊರಿನಲ್ಲಿ ಸದರಿ ಗಾಡಿ ಒಂದೇ ಇತ್ತು.

ಮಲಕಾರಿಯ ಸಿಟ್ಟೂ ಅವನ ಗಾಡಿಯಂಥದೇ. ಶುರುವಾಗಲು ಹೊತ್ತು ಹಿಡಿಯುತ್ತದೆ, ಶುರುವಾದರೆ ಬಂದಾಗುವುದಿಲ್ಲ. ಆರನೇ ಇಯತ್ತೆಯಲ್ಲಿ ಮಾಸ್ತರರು ಇಡೀ ವರ್ಗದ ಎದುರು "ನಿನಗ ಕುರಿ ಎಣಸಾಕರೆ ಬರತೈತೇನೋ" ಎಂದದ್ದಕ್ಕೆ ಪಾಟಿಯನ್ನು ಮೇಜಿನ ಮೇಲಿಟ್ಟು ಎದ್ದು ಬಂದವನು, ಈಗ ಇಪ್ಪತ್ನಾಲ್ಕು ವರ್ಷದವನಾದರೂ ಆ ಶಾಲೆಯ ಮುಂದೆ ಹಾಯುವಾಗ ಗೇರು ಬದಲಿಸಿ ಹೊಗೆ ಬಿಟ್ಟೇ ಹೋಗುತ್ತಿದ್ದ.

ಈ ಸಿಟ್ಟಿನಲ್ಲೇ ಅವನು ಮನೆಗೆ ಬಂದು ಗಾಡಿಯ ಮುಂದೆ ಕೂತ. ಡೀಸೆಲ್ ಫಿಲ್ಟರಿನ ಗಾಜಿನ ಬಟ್ಟಲು ಸ್ವಲ್ಪ ಸಡಿಲಿತ್ತು, ಹನಿ ಜಿನುಗುತ್ತಿತ್ತು. ಬೆರಳಲ್ಲಿ ಒಂದು ಸುತ್ತು ಬಿಗಿದರೆ ಮುಗಿಯುತ್ತಿತ್ತು. ಮಲಕಾರಿ ಉತ್ತಮನ ಕುತ್ತಿಗೆ ಎಂದುಕೊಂಡು ಎರಡು ಸುತ್ತು ಬಿಗಿದ. ಬಟ್ಟಲು ಟಪ್ಪೆಂದು ಒಡೆದು ಅಂಗೈಗೆ ಬಂತು. ಡೀಸೆಲ್ ಧಾರೆಯಾಗಿ ಹರಿಯಿತು.

ತೊಂದರೆ ಒಡೆದದ್ದಲ್ಲ. ಒಡೆದ ದಿನ. ನಿನ್ನೆ ಖಂಡೇಪೂಜೆಯಲ್ಲಿ ಊರಿನ ಹತಾರಗಳೆಲ್ಲ ದೇವರ ಮುಂದೆ ಕೂತಿದ್ದವು. ಇವತ್ತು ಸಂಜೆ ಬನ್ನಿ ಹಂಚುವವರೆಗೂ ಅವನ್ನು ಯಾರೂ ಎತ್ತುವಂತಿಲ್ಲ. ಶರ್ಯತ್ತಿಗೆಂದು ಗಾಡಿ ಓಡಿಸಬಹುದು, ಸಲಿಕೆ ಹಿಡಿಯಬಹುದು, ಬೇರೆ ಹತಾರ ಮುಟ್ಟಬಾರದು. ಸಾಮಾನಿನ ಅಂಗಡಿಗಳ ಬಾಗಿಲಿಗೂ ಮಾವಿನ ತೋರಣ ಕಟ್ಟಿ ಬೀಗ ಹಾಕಿದ್ದರು.

ಮಲಕಾರಿ ಒಳಗೆ ಹೋದ. ದೇವರ ಮುಂದೆ ಕುಡಗೋಲು, ಕೊಡಲಿ, ಕುರಿಯ ತುಪ್ಪಟ ಕತ್ತರಿಸುವ ಕತ್ತರಿ, ಇವುಗಳ ನಡುವೆ ನಟ್ಟು ಬಿಚ್ಚುವ ಅವನ ಸ್ಕ್ರೂಪಾನಾ, ಹಣೆಗೆ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಚೆಂಡುಹೂ ಇಟ್ಟುಕೊಂಡು ಮದುವಣಿಗನಂತೆ ಕೂತಿತ್ತು.

"ಮುಟ್ಟಬ್ಯಾಡ," ಅಂದಳು ಅವನ ಅವ್ವ ಲಗಮವ್ವ, ಒಲೆಯ ಮುಂದಿನಿಂದ, ತಿರುಗಿಯೂ ನೋಡದೆ. "ಅವಕ್ಕೂ ವರ್ಷದಾಗ ಒಂದು ದಿನ ಸೂಟಿ ಬೇಕೋ ಬ್ಯಾಡೋ?"

"ಯವ್ವಾ, ಇವತ್ತ ಸೋತರ ನನಗ ಕಾಯಂ ಸೂಟಿ ಆಗತೈತಿ."

"ಆಗಲಿ. ಕುರಿ ಅದಾವು."

ಮಲಕಾರಿ ದೇವರಿಗೆ ಕೈಮುಗಿದು, ಹೂವನ್ನು ತೆಗೆದು ಕತ್ತರಿಯ ಮೇಲಿಟ್ಟು, ಪಾನಾ ಎತ್ತಿಕೊಂಡ. ಲಗಮವ್ವ ಈಗ ತಿರುಗಿದಳು.

"ತೊಗೊಂಡು ಹೋಗು. ಇವತ್ತ ಎತ್ತಿದ ಹತಾರ ನಿನ್ನ ಕೆಲಸಾ ಮಾಡೂದಿಲ್ಲ, ಮಂದಿ ಕೆಲಸಾ ಮಾಡತೈತಿ. ನೋಡ ಬೇಕಾರ."

ಹೊರಗೆ ಬಂದರೆ ಜಿನ್ನಪ್ಪ ಆಗಲೇ ಗಾಡಿಯ ಪಕ್ಕ ನಿಂತಿದ್ದ. ಜಿನ್ನಪ್ಪ ಪಕ್ಕದ ಮನೆಯವನು. ಏತ ನೀರಾವರಿಯ ಪಂಪು ನಡೆಸಿ ನಿವೃತ್ತನಾದವನು. ಯಾರ ಮನೆಯಲ್ಲಿ ಏನು ಒಡೆದರೂ ಅವನ ಕಿವಿಗೆ ಮೊದಲು ಬೀಳುತ್ತಿತ್ತು.

"ನಾ ಹೇಳತೀನಿ ಕೇಳ," ಅಂದ ಜಿನ್ನಪ್ಪ. ಅವನ ಎಲ್ಲ ಮಾತೂ ಹೀಗೇ ಶುರುವಾಗುತ್ತಿತ್ತು. "ನಮ್ಮ ಅಟ್ಟದ ಮ್ಯಾಲ ಒಂದು ಫಿಲ್ಟರ್ ಐತಿ. ಪೂರಾ ಸೆಟ್ಟು. ಪೈಪ್ ಸುದ್ಧಾ."

"ಯಾವ ಕಂಪನೀದ?"

"ಜಯವಂತ."

"ಕಾಕಾ, ಅದು ಬ್ಯಾಡ. ಇವತ್ತರೆ ಬ್ಯಾಡ."

"ಹುಚ್ಚಪ್ಪಾ, ತಾ ಯಾರ ಡಬ್ಬಿಯೊಳಗ ಹಾದು ಹೊಂಟೈತಿ ಅಂತ ಡೀಸೆಲ್ಲಿಗೆ ಏನ ಗೊತ್ತು?"

ಫಿಲ್ಟರು ಅಟ್ಟದಿಂದ ಇಳಿಯಿತು, ಜೊತೆಗೆ ಒಂದು ಬುಟ್ಟಿ ಧೂಳು ಮತ್ತು ಎರಡು ಇಲಿಮರಿ. ಕೂರಿಸಲು ಎರಡು ತಾಸು ಹಿಡಿಯಿತು. ತೂತು ಕೂಡಲಿಲ್ಲ, ತಂತಿ ಕಟ್ಟಿದ. ಪೈಪು ಕೂಡಲಿಲ್ಲ, ಬಗ್ಗಿಸಿದ. ಜಿನ್ನಪ್ಪ ಮೂರು ಸಲ ಸರಿಯಾದ ಸಲಹೆ ಕೊಟ್ಟ, ಒಂಬತ್ತು ಸಲ ತಪ್ಪು ಸಲಹೆ ಕೊಟ್ಟ, ಯಾವುದು ಯಾವುದೆಂದು ಮಾಡಿ ನೋಡಿದ ಮೇಲೇ ತಿಳಿಯುತ್ತಿತ್ತು. ಪೈಪಿನಲ್ಲಿ ಗಾಳಿ ಸೇರಿಕೊಂಡಿತ್ತು. ಗಾಳಿ ಹೊರಗೆ ಹೋಗಲೆಂದು ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸತ್ತಿತು.

"ನೂಕ್ರಿ," ಅಂದ ಜಿನ್ನಪ್ಪ, ಓಣಿಗೆಲ್ಲ ಕೇಳುವ ಹಾಗೆ.

ಹಬ್ಬದ ಹೊಸ ಬಟ್ಟೆ ತೊಟ್ಟ ಓಣಿಯ ಗಂಡಸರೆಲ್ಲ ಬಂದರು. ಯಾರೂ ಬಟ್ಟೆ ಹೊಲಸಾಗದ ಹಾಗೆ ಎರಡು ಬೆರಳಿನಿಂದ ನೂಕಿದರು, ಆದರೂ ಮಲಕಾರಿ ಸೀಟು ಹತ್ತುವುದರೊಳಗೆ ಗಾಡಿ ಇಳಿಜಾರಿಗೆ ಬಿತ್ತು. ಹಿಡಿಯುವವರಿಲ್ಲದೆ ನೇರ ತಿಪ್ಪೆಗೆ ಹೋಗಿ ಮೂಗು ತೂರಿಸಿ, ಅಲ್ಲಿ, ಯಾರೂ ಕೇಳದಿದ್ದಾಗ, ತಾನಾಗಿ ಚಾಲೂ ಆಯಿತು. ತಿಪ್ಪೆಯೊಳಗಿದ್ದ ಕಬ್ಬಿನ ಬೊಡ್ಡೆಯೊಂದು ಫ್ಯಾನಿಗೆ ಸಿಕ್ಕಿ ಬೆಲ್ಟು ಹರಿಯಿತು. ಗಾಡಿ ಮತ್ತೆ ಬಂದ್.

ಆಗ ಹನ್ನೆರಡೂವರೆ ಗಂಟೆ.

ಭೀಮಸಿ ಬಂದದ್ದು ಆಗ. ಅವನ ಜಯವಂತ ಆಕ್ಸಲ್ ಮುರಿದುಕೊಂಡು ಮೂರು ವಾರದಿಂದ ಕಲ್ಲುಗಳ ಮೇಲೆ ಕೂತಿತ್ತು. ಉತ್ತಮ ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಎಂದು ತಿರುಗಿಸುತ್ತಿದ್ದ.

"ಮಲಕಾರಿ ಅಣ್ಣಾ, ನನ್ನ ಗಾಡಿಯಂತೂ ಇವತ್ತ ಓಡೂದಿಲ್ಲ. ಅದರ ಬ್ಯಾಟ್ರಿ ತೊಗೋ, ಬೆಲ್ಟ್ ತೊಗೋ, ಬೇಕಾರ ನನ್ನ ಕಿಡ್ನಿ ತೊಗೋ. ಆದ್ರ ಆ ಉತ್ತಮನ ಮುಂದ ಹೋಗಬೇಕ ನೋಡ."

ಈ ಸಲ ಮಲಕಾರಿ ಯಾವ ಕಂಪನಿಯದೆಂದು ಕೇಳಲಿಲ್ಲ. ಬೆಲ್ಟು ಕೂತಿತು. ಬ್ಯಾಟರಿ ಮಾತ್ರ ನಾಲ್ಕು ಬೆರಳು ಎತ್ತರ ಇದ್ದುದರಿಂದ ಬಾನೆಟ್ ಮುಚ್ಚಲಿಲ್ಲ. ಬಾನೆಟ್ ಮುಚ್ಚಲಿಕ್ಕೆ ಮತ್ತೊಂದು ತಾಸು ಕಳೆಯಲು ಹೊತ್ತಿರಲಿಲ್ಲ. ಮಲಕಾರಿ ಅದನ್ನು ಬಿಚ್ಚಿ ಅಂಗಳಕ್ಕಿಟ್ಟ. ಎರಡೂ ಬದಿಗೆ "ಗಜವೀರ" ಎಂದು ದಪ್ಪಕ್ಷರ ಇದ್ದ ಆ ತಗಡನ್ನು ಲಗಮವ್ವ ಒಮ್ಮೆ ನೋಡಿ, ಬೋರಲು ಹಾಕಿ, ಅದರ ಕೆಳಗೆ ಕೋಳಿಮರಿ ಮುಚ್ಚಿದಳು.

ಸೀಟಿನ ಮೇಲೆ ಅವಳೇ ನೇಯಿಸಿಕೊಟ್ಟ ಕಂಬಳಿ ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ಸೀಟಿನ ಸ್ಪಂಜು ಹೋಗಿ ಐದು ವರ್ಷವಾಗಿತ್ತು. ಅದಕ್ಕೆ ಬದಲಿ ಸಾಮಾನು ಯಾವ ಅಂಗಡಿಯಲ್ಲೂ ಸಿಗದೆ ಅವ್ವ ಮನೆಯ ಕುರಿಗಳ ತುಪ್ಪಟದಿಂದಲೇ ಮಾಡಿಸಿದ್ದಳು. ಮಲಕಾರಿ ಅದರ ಮೇಲಿನ ತಿಪ್ಪೆಯ ಕಸ ಕೊಡವಿ, ಕೂತು, ಸೆಲ್ಫ್ ಹೊಡೆದ. ಮೊದಲ ಏಟಿಗೇ ಚಾಲೂ ಆಯಿತು. ಆರು ವರ್ಷದಲ್ಲಿ ಹಾಗೆ ಆದದ್ದು ಅದೇ ಮೊದಲು. ಆ ಸಂತೋಷದಲ್ಲಿ ಅವನಿಗೆ ಬೇರೇನೂ ಹೊಳೆಯಲಿಲ್ಲ.

ಮುರುಮು ತುಂಬಿಸಿಕೊಂಡು ಬೇವಿನ ಮರದ ಹತ್ತಿರ ಬಂದಾಗ ನಾಲ್ಕಾಗಲು ಐದು ನಿಮಿಷ. ಅರ್ಧ ಊರು ರಸ್ತೆಯ ಎರಡೂ ಬದಿಗೆ ನಿಂತಿತ್ತು. ಎಂಟು ಗಾಡಿ, ಏಳು ಕೆಂಪು, ಒಂದು ನೀಲಿ. ಬಾನೆಟ್ ಇಲ್ಲದ ನೀಲಿ ಗಾಡಿ ಅಂಗಿಯ ಗುಂಡಿ ಹಾಕದೆ ಮದುವೆಗೆ ಬಂದವನಂತೆ ಕಾಣುತ್ತಿತ್ತು.

ಬಾಬಾಸಾಹೇಬರು ವಹಿ ತೆಗೆದು, ಗಜವೀರ ಎಂದು ಹೆಸರು ಹಚ್ಚಿಕೊಂಡು, ಹಾಜರಿಯ ಮನೆಯಲ್ಲೊಂದು ಗೀಟು ಎಳೆದರು. "ಮರಳ ನಾಕ ಚೀಲ. ಅಲ್ಲಿ ಅದಾವು, ಹೇರಿಕೋ."

"ಎಲ್ಲಿ ಹೇರಲ್ರಿ? ಟ್ರಾಲಿ ತುಂಬಿ ಚಲ್ಲಾಕತ್ತೈತಿ."

"ಎಲ್ಲಿ ಹೇರಬೇಕ ಅಂತ ವಹ್ಯಾಗ ಬರದಿಲ್ಲ. ತಲಿ ಮ್ಯಾಲ ಹೊತಗೋ."

ಸುತ್ತಲಿದ್ದವರು ನಕ್ಕರು. ಹಿಂದಿನ ವರ್ಷಗಳಲ್ಲಿ ಟ್ರಾಲಿಗೇ ಹೇರುತ್ತಿದ್ದ ಮಲಕಾರಿ ಈ ಸಲ ಒಂದೊಂದೇ ಚೀಲ ಎತ್ತಿ, ಬಾಬಾಸಾಹೇಬರನ್ನೇ ಎಸೆಯುವವನ ಹಾಗೆ, ಗಾಡಿಯ ಮುಂದಿನ ಬಂಪರಿನ ಮೇಲೆ ಒಗೆದ. ಹಗ್ಗ ಸುತ್ತಿ ಬಿಗಿದ. ಅದರಲ್ಲಿ ಯಾವ ಯುಕ್ತಿಯೂ ಇರಲಿಲ್ಲ. ಬರೀ ಸಿಟ್ಟಿತ್ತು.

ಯುಕ್ತಿ ಏನೆಂಬುದು ಮೊದಲನೇ ಸುತ್ತಿನಲ್ಲಿ ಗೊತ್ತಾಯಿತು. ಜಯವಂತದ ಮುಂಭಾಗ ಹಗುರ. ಹಿಂದೆ ಭಾರ ಇದ್ದು ಒಮ್ಮೆಲೇ ಜೋರು ಕೊಟ್ಟರೆ ಮುಂದಿನ ಗಾಲಿ ನೆಲ ಬಿಡುತ್ತದೆ, ಗಾಲಿ ನೆಲ ಬಿಟ್ಟರೆ ಡ್ರೈವರು ಹೆದರಿ ಎಕ್ಸಲೇಟರ್ ಬಿಡುತ್ತಾನೆ. ಎಲ್ಲ ಜಯವಂತವೂ ಹಾಗೇ ಮಾಡುತ್ತಿದ್ದುದರಿಂದ ಅವರವರ ನಡುವೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಗಜವೀರದ ಮೂಗಿನ ಮೇಲೆ ಈಗ ಕಮಿಟಿಯೇ ಕೊಟ್ಟ ನಾಲ್ಕು ಚೀಲ ಮರಳು. ಝೇಂಡಾ ಬಿದ್ದ ಕೂಡಲೇ ಅದು ತಲೆ ತಗ್ಗಿಸಿದ ಕೋಣದಂತೆ ನೆಲ ಕಚ್ಚಿಕೊಂಡು ಹೊರಟಿತು. ಹಳೆಯ ಫಿಲ್ಟರಿದ್ದಾಗಿನಂತೆ ನಡುವೆ ಕೆಮ್ಮಲಿಲ್ಲ, ಬೆಲ್ಟು ಜಾರಲಿಲ್ಲ. ಮೊದಲನೇ ಸುತ್ತು ಹೋಯಿತು. ಎರಡನೆಯದೂ ಹೋಯಿತು. ಸೋತವರು ಮುರುಮು ಸುರಿದು ಸಲಿಕೆ ಹಿಡಿದರು.

ಕೊನೆಯ ಸುತ್ತಿಗೆ ಉಳಿದವರು ಮಲಕಾರಿ ಮತ್ತು ಉತ್ತಮ.

"ಹಲ್ಲು ತಿಕ್ಕಿಸಿಕೊಂಡು ಬಂದ್ಯೇನೋ ನಿಮ್ಮ ಮುದುಕಿ ಗಾಡೀದು?" ಅಂದ ಉತ್ತಮ ಪಕ್ಕದ ಗಾಡಿಯ ಸೀಟಿನಿಂದ. ಆದರೆ ಈ ಸಲ ಅವನ ಕಣ್ಣು ಮಲಕಾರಿಯ ಮೇಲಿರಲಿಲ್ಲ, ತೆರೆದ ಇಂಜಿನಿನ ಮೇಲಿತ್ತು.

ಝೇಂಡಾ ಬಿತ್ತು. ಉತ್ತಮ ನಿಪ್ಪಾಣಿಯ ಅರ್ಧ ಸುತ್ತನ್ನು ಪೂರ್ತಿ ಸುತ್ತು ಮಾಡಿಕೊಂಡು ಬಂದಿದ್ದ. ಅವನ ಗಾಡಿ ಒಂದು ಟ್ರಾಲಿಯಷ್ಟು ಮುಂದೆ ಹಾರಿತು. ಸಕ್ಕುಬಾಯಿ ಕಣ್ಣು ಮುಚ್ಚಿಕೊಂಡಳು. ನಡುದಾರಿಯಲ್ಲಿ ತಗ್ಗು ದಾಟಿ ಮತ್ತೆ ಜೋರು ಕೊಟ್ಟಾಗ ಅವನ ಮುಂದಿನ ಎರಡೂ ಗಾಲಿ ನೆಲ ಬಿಟ್ಟು ಎದ್ದವು. ಒಂದು ಕ್ಷಣ ಉತ್ತಮ ಆಕಾಶವನ್ನೇ ನೋಡುತ್ತ ಸ್ಟೇರಿಂಗ್ ಹಿಡಿದಿದ್ದ. ಕಾಲು ತಾನಾಗಿ ಎಕ್ಸಲೇಟರ್ ಬಿಟ್ಟಿತು. ಅಷ್ಟರಲ್ಲಿ ಮಲಕಾರಿ, ಆರು ವರ್ಷದಲ್ಲಿ ಒಬ್ಬನೇ ಕಲಿತ ಹಾಗೆ, ಎರಡನೇ ಗೇರಿನಿಂದ ಮೂರಕ್ಕೆ ಕ್ಲಚ್ಚು ಅರ್ಧವೇ ಒತ್ತಿ ಹಾಕಿದ. ಗಜವೀರ ಸೇತುವೆ ಮುಟ್ಟಿದಾಗ ಉತ್ತಮ ಹತ್ತು ಮೊಳ ಹಿಂದಿದ್ದ.

ಇಂಥದ್ದಕ್ಕೆ ಕೂಗಬೇಕೋ ಬೇಡವೋ ಯಾರಿಗೂ ರೂಢಿ ಇರಲಿಲ್ಲ. ಆಮೇಲೆ ಭೀಮಸಿ ಸಿಳ್ಳೆ ಹೊಡೆದ, ಎಲ್ಲರೂ ಕೂಗಿದರು. ವಿರುಪಾಕ್ಷಪ್ಪನವರು ಮುಂಜಾನೆ ಚಹಾ ಬಿದ್ದ ಧೋತರವನ್ನೇ ಎತ್ತಿ ಹಿಡಿದುಕೊಂಡು ಓಡಿ ಬಂದರು. ಬಾಬಾಸಾಹೇಬರು ಬಾಯಿ ಬಿಗಿದುಕೊಂಡು ಜರಿ ಫೇಟಾದ ಒಂದು ತುದಿಯನ್ನು ಮಲಕಾರಿಯ ಕಿವಿಯ ಮೇಲೆ ಒತ್ತಿ ಸುತ್ತತೊಡಗಿದರು.

ಎರಡು ಸುತ್ತು ಆಗಿತ್ತು.

"ಅಧ್ಯಕ್ಷರ, ಒಂದು ಮಾತು," ಅಂದ ಉತ್ತಮ. ಅವನು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. "ಈ ಫಿಲ್ಟರ್ ಯಾವ ಕಂಪನೀದ?"

ಮಲಕಾರಿ ಬಾಯಿ ತೆರೆಯುವುದರೊಳಗೆ ಜಿನ್ನಪ್ಪ ಮುಂದೆ ಬಂದ. ಮಧ್ಯಾಹ್ನದಿಂದ ಇದನ್ನು ಯಾರಾದರೂ ಕೇಳಲೆಂದೇ ಅವನು ಕಾಯುತ್ತಿದ್ದ. "ನಾ ಹೇಳತೀನಿ ಕೇಳ್ರಿ. ಅದು ನಂದು. ನಮ್ಮ ಅಟ್ಟದ ಮ್ಯಾಲಿಂದು. ಅಸಲಿ ಜಯವಂತ. ಅದಿಲ್ಲಂದ್ರ ಈ ಗಾಡಿ ಓಣಿ ದಾಟತಿರಲಿಲ್ಲ."

"ಬ್ಯಾಟ್ರಿ ನಂದು," ಅಂದ ಭೀಮಸಿ, ತನ್ನ ಪಾಲು ಎಲ್ಲಿ ಬಿಟ್ಟುಹೋದೀತೋ ಎಂದು. "ಬೆಲ್ಟೂ ನಂದ. ನನ್ನ ಜಯವಂತದ್ದು."

"ಪಂಪ್?" ಅಂದ ಉತ್ತಮ.

"ಅದನ್ನ ನಿನ್ನ ಕಡೆನ ತೊಗೊಂಡಿದ್ನೆಲ್ಲೋ, ಎರಡು ವರ್ಷದ ಹಿಂದ," ಅಂದ ಮಲಕಾರಿ.

"ಹೌದಲ್ಲ. ರೇಡಿಯೇಟರ್ರೂ ನಾನ ಕೊಟ್ಟೇನಿ. ಡೈನಮೋ ಸುದ್ಧಾ."

ಬಾಬಾಸಾಹೇಬರು ಕನ್ನಡಕ ಹಾಕಿಕೊಂಡು ಬಗ್ಗಿದರು. ಪ್ರತಿ ಸಾಮಾನಿನ ಮೇಲೂ ಜಯವಂತ ಎಂದು ಮುದ್ರೆ ಒತ್ತಿತ್ತು. ಒಂದೊಂದನ್ನೇ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಓದುತ್ತ ಹೋದ ಹಾಗೆ ಅವರ ಮುಖ ಬಿಚ್ಚಿಕೊಳ್ಳುತ್ತ ಹೋಯಿತು.

"ಗಜವೀರ ಅಂತ ಎಲ್ಲಿ ಬರದೈತಿ?" ಅಂದರು.

"ಬಾನೆಟ್ಟಿನ ಮ್ಯಾಲ."

"ಬಾನೆಟ್ ಎಲ್ಲೈತಿ?"

"ಮನ್ಯಾಗ ಐತ್ರಿ." ಮಲಕಾರಿ ದನಿ ತಗ್ಗಿಸಿದ. "ಕೋಳಿಮರಿ ಮುಚ್ಚೇತಿ."

ನಗು ಇಳಿಯುವವರೆಗೆ ಬಾಬಾಸಾಹೇಬರು ಕಾದರು.

"ಇಂಜಿನ್ ಗಜವೀರದ ಐತ್ರಿ. ಗೇರ್ ಬಾಕ್ಸ್ ಗಜವೀರದ ಐತಿ. ಜಗ್ಗಿದ್ದು ಅವ. ಬ್ಯಾಟ್ರಿ ಏನ ಟ್ರಾಲಿ ಜಗ್ಗತೈತೇನ್ರಿ?" ಅಂದ ಮಲಕಾರಿ.

"ಅದು ಒಳಗಿನ ಮಾತು. ಒಳಗಿಂದ ಯಾರ ನೋಡ್ಯಾರ? ಕಮಿಟಿ ಕಣ್ಣಿಗೆ ಕಂಡದ್ದು ನೋಡತೈತಿ." ಅವರು ವಹಿ ತೆಗೆದರು. "ಗಜವೀರ ಅಂತ ಹೆಸರ ಹಚ್ಚಿದ ಗಾಡಿ ಇಲ್ಲಿಗೆ ಬಂದಿಲ್ಲ. ಬಂದದ್ದು ಒಂದು ಜಯವಂತ. ಅದರ ಹೆಸರ ಹಚ್ಚಿಲ್ಲ. ಹೆಸರ ಹಚ್ಚಿದವರಾಗ ಮೊದಲ ಬಂದಾಂವ ಉತ್ತಮ."

"ಜಯವಂತ ಆಗಿದ್ರ ಮತ್ತ ನಾಕ ಚೀಲ ಮರಳ ಯಾಕ ಹೇರಿಸಿದ್ರಿ?"

ಬಾಬಾಸಾಹೇಬರು ಯೋಚಿಸಿದರು. ಅವರು ಅನ್ಯಾಯದ ಮನುಷ್ಯರೆಂದು ಅವರ ಬಗ್ಗೆ ಅವರಿಗೇ ಎಂದೂ ಅನಿಸಿರಲಿಲ್ಲ. "ಅದು ನಮ್ಮ ತಪ್ಪು," ಅಂದರು. "ಮುಂದಿನ ವರ್ಷ ಹೇರಸೂದಿಲ್ಲ."

ಹಾಜರಿಯ ಗೀಟನ್ನು ಹೊಡೆದುಹಾಕಿ "ಗಜವೀರ: ಗೈರುಹಾಜರು" ಎಂದು ಬರೆದು, ಕೆಳಗೆ ಸಹಿ ಹಾಕಿದರು. ಮಲಕಾರಿಯ ತಲೆಯ ಮೇಲಿನ ಎರಡು ಸುತ್ತು ಫೇಟಾವನ್ನು ಬಿಚ್ಚಿದರು. ಬಿಚ್ಚುವಾಗ ಅದು ಕಿವಿಗೆ ಸಿಕ್ಕಿಕೊಂಡಿತ್ತು. ಮಲಕಾರಿ ತಾನೇ ಬಿಡಿಸಿಕೊಟ್ಟ.

ಅವನಿಗೆ ಫೇಟಾದ ಚಿಂತೆ ಇರಲಿಲ್ಲ. ಅವನು ವಿರುಪಾಕ್ಷಪ್ಪನವರ ಕಡೆ ತಿರುಗಿದ. "ಸಾವಕಾರ್ರ, ನೀವು ಕಣ್ಣಾರೆ ನೋಡೀರಿ. ಗಜವೀರ ಗೆದ್ದೈತಿ."

"ನೋಡೇನಿ," ಅಂದರು ಸಾವಕಾರರು. ಅವರ ಕಣ್ಣು ತೆರೆದ ಇಂಜಿನಿನ ಮೇಲಿತ್ತು, ದನಿ ಬಲು ಮೆತ್ತಗಿತ್ತು. "ನೀ ಭಾಳ ಚಲೋ ಹೊಡದಿ. ಆದ್ರ ವಹ್ಯಾಗ ಗೈರುಹಾಜರ ಅಂತ ಬರದಾರ. ಬರದದ್ದಕ್ಕ ನಾ ಏನ ಮಾಡ್ಲಿ? ಅದಿರಲಿ. ನಾ ಒಂದು ವಿಚಾರ ಮಾಡಾಕತ್ತೀನಿ."

"ಏನ್ರಿ?"

"ಐದಾರು ಸಾಮಾನ ಜಯವಂತದ್ದು ಹಾಕಿದ್ದಕ್ಕ ಈ ಹಳೇ ಗಾಡಿ ಇಷ್ಟು ಜಗ್ಗಿತು. ಪೂರಾ ಜಯವಂತನ ತೊಗೊಂಡ್ರ ಎಷ್ಟು ಜಗ್ಗೀತು?" ಅವರು ಉತ್ತಮನ ಹೆಗಲ ಮೇಲೆ ಕೈಹಾಕಿದರು. "ಉತ್ತಮ, ನಾಳೆ ಮುಂಜಾನೆ ಮನಿಗೆ ಬಾ. ಬುಕ್ ಮಾಡೂಣು. ನಿಮ್ಮ ತಮ್ಮಗೂ ಹೇಳು."

ಉತ್ತಮನ ತಲೆಯ ಮೇಲೆ ಆಗ ಫೇಟಾದ ಕೊನೆಯ ಸುತ್ತು ನಡೆದಿತ್ತು. ತಲೆ ಅಲ್ಲಾಡಿಸಲಾಗದೆ ಕಣ್ಣಿನಲ್ಲೇ ಹೂಂ ಅಂದ.

ಹೊತ್ತು ಇಳಿಯಿತು. ಊರ ಹಿರಿಯರು ಬನ್ನಿ ತಂದರು, ಎಲ್ಲರೂ ಎಲೆ ಹಂಚಿಕೊಂಡರು, ಕಾಲು ಮುಟ್ಟಿದರು, ಅಪ್ಪಿಕೊಂಡರು. ಬನ್ನಿ ಹಂಚಿಯಾಯಿತೆಂದರೆ ಹತಾರಗಳ ಸೂಟಿ ಮುಗಿಯಿತು. ಭೀಮಸಿ ಗಜವೀರದ ಟೂಲ್ ಡಬ್ಬಿಯಿಂದ ಮಲಕಾರಿಯದೇ ಪಾನಾ ತೆಗೆದು ಬ್ಯಾಟರಿಯ ನಟ್ಟು ಬಿಚ್ಚತೊಡಗಿದ.

"ಸಿಟ್ಟಾಗಬ್ಯಾಡ ಅಣ್ಣಾ," ಅಂದ. "ಉತ್ತಮ ನಾಳೆ ನನ್ನ ಆಕ್ಸಲ್ ಕೂಡಸ್ತಾನಂತ. ಜಯವಂತ ಗೆದ್ದ ಖುಷ್ಯಾಗ ಅದಾನ. ಬ್ಯಾಟ್ರಿ ಬೇಕಾಗತೈತಿ."

ಬ್ಯಾಟರಿ ಹೋಯಿತು, ಬೆಲ್ಟು ಹೋಯಿತು. ಜಿನ್ನಪ್ಪ ಫಿಲ್ಟರನ್ನು ಪೈಪು ಸಮೇತ ಬಿಚ್ಚಿಸಿಕೊಂಡು, ಇದನ್ನು ಇನ್ನು ಅಟ್ಟದ ಮೇಲಿಡುವುದಿಲ್ಲ, ಪಡಸಾಲೆಯಲ್ಲಿ ಮೊಳೆಗೆ ತೂಗುಹಾಕುತ್ತೇನೆ ಎಂದು ಸುತ್ತಲಿನವರಿಗೆ ಹೇಳಿದ. ಶರ್ಯತ್ತು ಗೆದ್ದ ಗಾಡಿ ಸೇತುವೆಯ ಪಕ್ಕ ಕರುಳು ತೆಗೆದ ಮೀನಿನಂತೆ ನಿಂತಿತು. ಅದರ ಟ್ರಾಲಿಯ ಮುರುಮನ್ನು ಮಂದಿ ಅಲ್ಲಿಯೇ ಸುರಿದು ಸಲಿಕೆಯಿಂದ ಎಳೆದರು. ಕಾರ್ಖಾನೆ ರಸ್ತೆಯಲ್ಲಿ ಸಾವಕಾರರ ಮುರುಮು ಬಿದ್ದ ಜಾಗಗಳಿಗೆ ಇನ್ನೊಂದು ಸೇರಿತು. ಇದು ಮಾತ್ರ ಎಲ್ಲಕ್ಕಿಂತ ಮುಂದಿತ್ತು.

ಗಾಡಿಯನ್ನು ಎಳೆದೊಯ್ಯಲು ಉತ್ತಮ ತನ್ನ ಜಯವಂತವನ್ನು ಹಿಂದೆ ತಂದು ಸರಪಳಿ ಹಾಕಿದ. ಹಾಕುವ ಮೊದಲು ಒಮ್ಮೆ ಗಾಡಿಯನ್ನು ಸುತ್ತು ಹಾಕಿ, ಗುಜರಿಗೆ ಹಾಕುವವನು ನೋಡುವಂತೆ ನೋಡಿದ.

"ಮಲಕಾರಿ, ನಿಂದೇನರೆ ಉಳದೈತೇನು ಇದ್ರಾಗ? ಇದ್ರ ಈಗ ತೊಗೊಂಡುಬಿಡು. ನಾಳೆ ಹುಡುಕೂದು ಬ್ಯಾಡ."

ಈಗ ಸುತ್ತ ನಿಂತವರು ಹದಿನಾಲ್ಕಲ್ಲ, ಅರ್ಧ ಊರು. ಈ ಸಲ ಯಾರೂ ನಗಲಿಲ್ಲ.

ಮಲಕಾರಿ ಗಾಡಿ ಹತ್ತಿ ಸೀಟಿನ ಮೇಲಿನ ಕಂಬಳಿ ಎತ್ತಿಕೊಂಡ. ಕೆಳಗಿಳಿದು ಎರಡು ಸಲ ಕೊಡವಿದ. ಮುರುಮಿನ ಕೆಂಪು ಧೂಳು ಹಾರಿ ಉತ್ತಮನ ಜರಿ ಫೇಟಾದ ಮೇಲೆ ಕೂತಿತು. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಭೀಮಸಿಯ ಕೈಯೊಳಗಿನ ಪಾನಾವನ್ನು, ಅವನು ಬ್ಯಾಟರಿಯ ಜೊತೆ ಒಯ್ಯುವುದರೊಳಗೆ, ಕಿತ್ತುಕೊಂಡ. ಅದರ ಹಿಡಿಕೆಯ ಮೇಲೆ ಅವ್ವ ಹಚ್ಚಿದ ಕುಂಕುಮ ಇನ್ನೂ ಸ್ವಲ್ಪ ಉಳಿದಿತ್ತು.

ಉತ್ತಮ ಅಂಗಿಯ ಕಿಸೆಯಿಂದ ಬನ್ನಿಯ ಎಲೆ ತೆಗೆದು ಮುಂದೆ ಚಾಚಿದ. "ತೊಗೋ, ಹಬ್ಬದ ದಿನ. ಬಂಗಾರ ತೊಗೊಂಡು ಬಂಗಾರದಂಗ ಇರೂಣು."

ಬಂಗಾರವೆಂದು ಬನ್ನಿ ಕೊಟ್ಟವನಿಗೆ ಅದೇ ಮಾತನ್ನು ತಿರುಗಿ ಹೇಳಬೇಕು. ಜಗಳವಾಡಿದ ಅಣ್ಣತಮ್ಮಂದಿರೂ ಆ ದಿನ ಅಷ್ಟು ಮಾತ್ರ ಹೇಳುತ್ತಾರೆ. ಉತ್ತಮ ಕೈ ಚಾಚಿಕೊಂಡೇ ನಿಂತಿದ್ದ. ಮಲಕಾರಿ ಕಾಲುವೆಯ ದಂಡೆಗೆ ಇಳಿದು, ಊರ ಕಡೆ ನಡೆದ.